ಲಿಂಬೆಹಣ್ಣು ಕೊಳೆಯದಿರಲಿ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು ಲಿಂಬೆಗೆ ಹೆಸರುವಾಸಿ. ಮಳೆಗಾಲದಲ್ಲಿ ಹಣ್ಣು ರಾಶಿ ಬೀಳುತ್ತದೆ. ಆಗ ಬೆಲೆ ಇಳಿಯುತ್ತದೆ. ಆಯ್ದ ಕೂಲಿಯೂ ಗಿಟ್ಟುವುದಿಲ್ಲ. ಹಣ್ಣು ಗಿಡದ ಬುಡದಲ್ಲೇ ಕೊಳೆಯುತ್ತದೆ. ಆದರೆ ನಮ್ಮ ಮಕ್ಕಳು ರೊಕ್ಕ ಕೊಟ್ಟು ಬಣ್ಣದ ನೀರು ಕುಡಿಯುತ್ತಾರೆ. ಇದು ಸರಿಯೇ ಅಕ್ಕ?

ಬನ್ನಿ, ನಾವೇ ಶರಬತ್ತು ಮಾಡೋಣ.

ಬೇಕಾದದ್ದು: ಲಿಂಬೆರಸ 1 ಲೋಟ, ಸಕ್ಕರೆ 2 ಲೋಟ, ನೀರು 1 ಲೋಟ, ಚಿಟಿಕೆ ಉಪ್ಪು.

ಮೊದಲು ಸಕ್ಕರೆ, ನೀರು ಸೇರಿಸಿ ಕುದಿಸಿ ಸೋಸಿರಿ. ಪೂರ್ತಿ ಆರಲಿ. ಆಮೇಲೆ ರಸ, ಉಪ್ಪು ಬೆರೆಸಿರಿ. ಬಿಸಿ ಇದ್ದಾಗ ರಸ ಹಾಕಬಾರದು. ಯಾಕೆ? ಲಿಂಬೆಯಲ್ಲಿ ಸಿ ಜೀವಸತ್ವ ಇದೆ. ಬಿಸಿಗೆ ಅದು ಹಾಳಾಗುತ್ತದೆ.

ಬೀಜ ಜಜ್ಜಬೇಡಿ, ಕಹಿ ಆದೀತು. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಬೇಡ. ಹುಳಿ ಅದನ್ನು ತಿನ್ನುತ್ತದೆ. ಸ್ಟೀಲ್ ಪಾತ್ರೆ ಒಳ್ಳೇದು.

ಗಾಜಿನ ಬಾಟಲಿಯನ್ನು ನೀರಲ್ಲಿ ಕುದಿಸಿ, ಒಣಗಿಸಿ, ಶರಬತ್ತು ತುಂಬಿರಿ. ತಂಪು ಜಾಗದಲ್ಲಿ ಇಡಿ. ಸ್ವಲ್ಪವೇ ಮಾಡಿ, ವಾರದೊಳಗೆ ಮುಗಿಸಿ. ನೊರೆ ಬಂದರೆ ಚೆಲ್ಲಿಬಿಡಿ.

ಕುಡಿಯುವಾಗ 1 ಲೋಟ ನೀರಿಗೆ 3 ಚಮಚ ಹಾಕಿ. ನೀರು ಕುದಿಸಿ ಆರಿಸಿದ್ದೇ ಇರಲಿ.

ಅಕ್ಕಂದಿರೇ, ಒಮ್ಮೆ ಮಾಡಿ ನೋಡಿ. ಪಕ್ಕದ ಮನೆಯವರಿಗೂ ಈ ಪಾಠ ಓದಿ ಹೇಳಿ.