ಸಸಿಗೂ ಅಭಯ ಬೇಕು

ಅಭಯಾರಣ್ಯವೆಂಬ ಮಾತನ್ನು ನಾವೆಲ್ಲರೂ ಕೇಳಿಯೇ ಇರುವೆವು. ಅಭಯವನ್ನು ಕೊಡುವ ಅರಣ್ಯವೇ ಅಭಯಾರಣ್ಯ. ಶಬ್ದವು ಈಚಿನದೆಂದು ತೋರಿದರೂ ಅದರ ಭಾವವು ಬಹು ಪ್ರಾಚೀನವಾದುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆನೆಗಳಿಗಾಗಿಯೇ ಮೀಸಲಾದ ಹಸ್ತಿವನಗಳ ಪ್ರಸ್ತಾಪವುಂಟು. ಅಭಯವನದಲ್ಲಿ ವಾಸಿಸುವ ಮೃಗಪಕ್ಷಿಗಳನ್ನು ಕೊಂದವರಿಗೆ ದಂಡವಿಧಿಯೂ ಉಂಟು. ಅಶೋಕ ಚಕ್ರವರ್ತಿಯು ತನ್ನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನು ಕೊಟ್ಟುದಲ್ಲದೆ, ನಿಷ್ಕಾರಣವಾಗಿ ಕಾಡನ್ನು ಸುಡಬಾರದೆಂದೂ ಆಜ್ಞಾಪಿಸಿದನು. ಹಾಗಾದರೆ ಈ ಅಭಯವು ಯಾರಿಗೆ? ಹುಲಿಗೆ, ಆನೆಗೆ, ಜಿಂಕೆಗೆ ಎಂದು ಥಟ್ಟನೆ ಉತ್ತರ ಬರುವುದು. ಹೆಮ್ಮರಗಳಿಗೂ ಎಂದು ಕೆಲವರು ಸೇರಿಸಿಯಾರು. ನೆಲದಿಂದ ಗೇಣುದ್ದ ತಲೆಯೆತ್ತಿ ನಿಂತ ಸಸಿಗೆ ಎಂದು ಹೇಳುವವರು ವಿರಳ. ಈ ಲೇಖನದಲ್ಲಿ ನಾವು ವಾಚಕರ ಮುಂದಿಡಬೇಕೆಂದಿರುವುದು ಆ ಸಸಿಯ ವಿಚಾರವನ್ನೇ.

ದೃಷ್ಟಾಂತಕ್ಕಾಗಿ ದೂರ ಹೋಗಬೇಕಾದುದಿಲ್ಲ. ನಮ್ಮ ಬಂಡೀಪುರವನ್ನೇ ತೆಗೆದುಕೊಳ್ಳೋಣ. ೧೯೩೧ರಲ್ಲಿ ಮೈಸೂರಿನ ಅರಸರ ಆಳ್ವಿಕೆಯಲ್ಲಿ ಅಲ್ಲಿಯ ಸುಮಾರು ೯೦ ಚದರ ಕಿಲೋಮೀಟರಿನಷ್ಟು ಕಾಡು ಮೃಗಗಳಿಗಾಗಿ ಮೀಸಲಾಯಿತು. ೧೯೪೧ರಲ್ಲಿ ಅದು ಬಹುವಾಗಿ ವಿಸ್ತಾರಗೊಂಡು, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಿಂದ ವೇಣುಗೋಪಾಲ ವನ್ಯಮೃಗಧಾಮವೆನಿಸಿತು. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದಿತು. ಮರುವರ್ಷ ಹುಲಿ ಯೋಜನೆಯು ಆರಂಭವಾದಾಗ ದೇಶದಲ್ಲಿ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಗಿದ್ದಿತು. ಈಗ ಅದು ರಾಷ್ಟ್ರೀಯ ಉದ್ಯಾನ. ಮೋಯಾರು ಹೊಳೆಯನ್ನು ದಾಟಿದರೆ ತಮಿಳುನಾಡಿನ ಮುದುಮಲೆ. ಪಶ್ಚಿಮಕ್ಕೆ ಕೇರಳದ ವಯನಾಡು. ಕಬಿನಿಯ ಆಚೆಗೆ ನಾಗರಹೊಳೆ. ಈ ನಾಲ್ಕು ಕಾಡುಗಳೂ ಒಂದನ್ನೊಂದು ಕೈಹಿಡಿದು ನಿಂತಿವೆ. ೨೦೨೨ರ ಗಣತಿಯಂತೆ ಕರ್ಣಾಟಕದಲ್ಲಿ ೫೬೩ ಹುಲಿಗಳಿದ್ದುವೆಂದು ಅಂದಾಜು. ಕೊಡಲಿಯನ್ನೂ ಕೋವಿಯನ್ನೂ ಗಡಿಯ ಹೊರಗೆ ನಿಲ್ಲಿಸಿದುದರ ಸತ್ಫಲವಿದೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಕೊಡಲಿಯನ್ನು ತಡೆಯುವ ಗಡಿಕಲ್ಲು ಬಿಸಿಲನ್ನು ತಡೆಯಲಾರದು. ಯಂತ್ರಯುಗಕ್ಕೆ ಮುಂಚೆ ವಾಯುಮಂಡಲದ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲಾಮ್ಲ ವಾಯುವು ಸುಮಾರು ೨೮೦ ಪಾಲು ಇದ್ದಿತು; ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟು ಸುಟ್ಟು ನಾವು ಅದನ್ನು ೪೨೦ ಪಾಲಿಗೂ ಮೇಲೇರಿಸಿದ್ದೇವೆ. ಈ ವಾಯುವು ಭೂಮಿಯ ಮೇಲೆ ಹೊದಿಸಿದ ಕಂಬಳಿಯಂತೆ ಶಾಖವನ್ನು ಹಿಡಿದಿಡುವುದು. ೧೯೦೧ರಿಂದ ೨೦೧೮ರವರೆಗಿನ ಅವಧಿಯಲ್ಲಿ ನಮ್ಮ ದೇಶದ ಸರಾಸರಿ ಉಷ್ಣತೆಯು ಸುಮಾರು ೦.೭ ಡಿಗ್ರಿಯಷ್ಟು ಏರಿದೆ. ಅರ್ಧಕ್ಕಿಂತ ತುಸು ಹೆಚ್ಚಾದ ಒಂದು ಡಿಗ್ರಿ ಯಾವ ಮಹಾ ಲೆಕ್ಕವೆಂದು ಕೆಲವರಿಗೆ ತೋರಬಹುದು. ಆದರೆ ಗಾಳಿಯು ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ತೇವಾಂಶವು ನೂರಕ್ಕೆ ಸುಮಾರು ಏಳರಷ್ಟು ಹೆಚ್ಚುವುದು. ಅಂದರೆ ಗಾಳಿಯ ದಾಹವು ಹೆಚ್ಚಿತೆಂದು ಅರ್ಥ. ಬೇಸಗೆಯಲ್ಲಿ ಆ ಗಾಳಿಯು ಮಣ್ಣಿನಿಂದಲೂ ಎಲೆಯಿಂದಲೂ ನೀರನ್ನು ಹೀರುವುದು. ಮಳೆಗಾಲದಲ್ಲಿ ಹೀರಿದ್ದೆಲ್ಲವನ್ನೂ ಒಮ್ಮೆಗೇ ಸುರಿಯುವುದು. ೨೦೨೩ರಲ್ಲಿ ಕರ್ಣಾಟಕದ ೨೦೦ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. ಮರುವರ್ಷದ ಜುಲೈ ೩೦ರಂದು ಬಂಡೀಪುರದ ನೆರೆಯ ವಯನಾಡಿನಲ್ಲಿ ಅತಿವೃಷ್ಟಿಯಿಂದ ಗುಡ್ಡ ಕುಸಿದು ನೂರಾರು ಮಂದಿ ಪ್ರಾಣ ಕಳೆದುಕೊಂಡರು. ಅನಾವೃಷ್ಟಿಯೂ ಅತಿವೃಷ್ಟಿಯೂ ಒಂದರ ಬೆನ್ನಿಗೆ ಒಂದು ಬರುವ ಕಾಲವಿದು.

ಇಂತಹ ಕಾಲದಲ್ಲಿ ಕಾಡಿನೊಳಗೆ ಮೊದಲು ಸಾಯುವವರು ಯಾರು? ನೂರು ವರ್ಷದ ಮತ್ತಿಯ ಮರವಲ್ಲ. ಅದರ ಬೇರು ಆಳಕ್ಕೆ ಇಳಿದಿರುವುದು. ಅದರ ತೊಗಟೆಯು ಕವಚದಂತೆ ದಪ್ಪವಾಗಿರುವುದು. ಹುಲಿ ಆನೆಗಳು ನೀರಿದ್ದೆಡೆಗೆ ನಡೆದು ಹೋಗಬಲ್ಲವು. ನಡೆಯಲೂ ಆರದೆ, ಆಳದ ನೀರನ್ನೂ ಮುಟ್ಟಲಾರದೆ ಇರುವುದು ಸಸಿಯೊಂದೇ. ಬೇರು ಒಂದು ಗೇಣು ಇಳಿಯುವಷ್ಟರಲ್ಲಿ ಮಣ್ಣು ಎರಡು ಗೇಣು ಒಣಗಿದರೆ ಅದರ ಕಥೆ ಅಲ್ಲಿಗೆ ಮುಗಿಯಿತು.

ನಾವು ಆಯುಷ್ಯದ ಬಹುಭಾಗವನ್ನು ಪಾಠಶಾಲೆಯಲ್ಲಿ ಕಳೆದವರು. ಒಂದು ಶಾಲೆಯು ಮುಂದೆ ಉಳಿಯುವುದೋ ಅಳಿಯುವುದೋ ಎಂದು ತಿಳಿಯಬೇಕಾದರೆ ಮೇಲಿನ ತರಗತಿಯ ಫಲಿತಾಂಶವನ್ನು ನೋಡಿ ಪ್ರಯೋಜನವಿಲ್ಲ. ಒಂದನೆಯ ತರಗತಿಯ ಹಾಜರಿ ಪುಸ್ತಕವನ್ನು ತೆರೆಯಬೇಕು. ಅಲ್ಲಿ ಹೆಸರುಗಳಿಲ್ಲವಾದರೆ, ಮೇಲಿನ ತರಗತಿಯವರು ಎಷ್ಟೇ ಜಾಣರಾಗಿದ್ದರೂ, ಕೆಲವು ವರ್ಷಗಳಲ್ಲಿ ಆ ಶಾಲೆಗೆ ಬೀಗ ಬೀಳುವುದು ನಿಶ್ಚಯ. ಕಾಡಿನ ವಿಚಾರವೂ ಇದೇ. ದೂರದಿಂದ ನೋಡಿದವನಿಗೆ ಹಸುರು ದಟ್ಟವಾಗಿಯೇ ಕಾಣುವುದು. ಆದರೆ ಮರಗಳ ಕೆಳಗೆ ಮರಿಗಳಿಲ್ಲದಿದ್ದರೆ, ಎಲ್ಲ ಮರಗಳೂ ನಿಂತಿರುವಾಗಲೇ ಆ ಕಾಡು ಸಾಯುತ್ತಿದೆಯೆಂದು ತಿಳಿಯತಕ್ಕದ್ದು.

ಕಾಡಿಗೂ ಇಂತಹ ಹಾಜರಿ ಪುಸ್ತಕವೊಂದು ಉಂಟೆಂದರೆ ವಾಚಕರಿಗೆ ಸೋಜಿಗವಾದೀತು. ಮೋಯಾರಿನ ಆಚೆ ಮುದುಮಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ೧೯೮೮ರಲ್ಲಿ ೫೦ ಹೆಕ್ಟೇರು ಕಾಡನ್ನು ಗುರುತಿಸಿ, ಒಂದು ಸೆಂಟಿಮೀಟರಿನಷ್ಟು ದಪ್ಪಕ್ಕೆ ಬಂದ ಪ್ರತಿಯೊಂದು ಗಿಡಮರಕ್ಕೂ ಸಂಖ್ಯೆಯ ಬಿಲ್ಲೆಯನ್ನು ಕಟ್ಟಿ, ಯಾವುದು ಬದುಕಿದೆ, ಯಾವುದು ಸತ್ತಿದೆ, ಹೊಸದಾಗಿ ಯಾವುದು ಸೇರಿದೆ ಎಂದು ಲೆಕ್ಕವಿಡತೊಡಗಿದರು. ಆ ಲೆಕ್ಕದಿಂದ ತಿಳಿದುಬಂದುದೇನೆಂದರೆ, ಕಾಡುಗಿಚ್ಚು ಹಾಯ್ದಾಗ ದೊಡ್ಡ ಮರಗಳಲ್ಲಿ ಸಾಯುವುವು ಕೆಲವೇ; ಎಳೆಯ ಗಿಡಗಳಲ್ಲಿ ಸಾಯುವುವು ಅದಕ್ಕಿಂತ ಎಷ್ಟೋ ಮಡಿ ಹೆಚ್ಚು.

ಬೆಂಕಿಯ ಮಾತನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಅಮರಕೋಶದಲ್ಲಿ ‘ದವ’, ‘ದಾವ’ ಎಂಬ ಶಬ್ದಗಳಿಗೆ ಕಾಡು ಎಂತಲೂ ಕಾಡುಗಿಚ್ಚು ಎಂತಲೂ ಎರಡರ್ಥಗಳಿವೆ. ಒಣಕಾಡನ್ನೂ ಕಿಚ್ಚನ್ನೂ ನಮ್ಮ ಪೂರ್ವಿಕರು ಎಷ್ಟು ಒಟ್ಟೊಟ್ಟಿಗೆ ಕಂಡಿದ್ದರೆಂಬುದು ಇದರಿಂದ ತಿಳಿಯುವುದು. ಬಂಡೀಪುರದಂತಹ ಎಲೆಯುದುರುವ ಕಾಡಿನ ಮರಗಳಾದ ತೇಗ, ಮತ್ತಿ, ದಿಂಡಿಗ, ಹೊನ್ನೆ ಇವು ಬೆಂಕಿಗೆ ತೀರ ಹೊಸಬವಲ್ಲ. ಸಸಿಯ ಕಾಂಡವು ಸುಟ್ಟರೂ ಬುಡದ ಬೇರು ಉಳಿದು ಮಳೆ ಬಂದಾಗ ಮತ್ತೆ ಚಿಗುರುವುದು. ಆದರೆ ಜ್ವಾಲೆಗೆ ಎಟುಕದಷ್ಟು ಎತ್ತರಕ್ಕೆ ಅದು ಬೆಳೆಯಬೇಕಾದರೆ ಬೆಂಕಿಯಿಲ್ಲದ ಕೆಲವು ವರ್ಷಗಳು ಬಿಡುವಾಗಿ ದೊರೆಯಬೇಕು. ವರ್ಷ ವರ್ಷವೂ ಸುಟ್ಟರೆ ಅದು ವರ್ಷ ವರ್ಷವೂ ಗೇಣುದ್ದವೇ ಆಗಿರುವುದು. ಕೊನೆಗೊಂದು ದಿನ ಬೇರಿನ ಶಕ್ತಿಯೂ ತೀರುವುದು. ಬೇಸಗೆ ದೀರ್ಘವಾದಷ್ಟೂ, ನೆಲ ಒಣಗಿದಷ್ಟೂ, ಈ ಬಿಡುವು ಕಡಿಮೆಯಾಗುತ್ತ ಹೋಗುವುದು.

೨೦೧೯ರ ಫೆಬ್ರವರಿ ತಿಂಗಳಿನಲ್ಲಿ ಬಂಡೀಪುರವು ಹೊತ್ತಿಕೊಂಡುದನ್ನು ವಾಚಕರು ಮರೆತಿರಲಾರರು. ಗೋಪಾಲಸ್ವಾಮಿ ಬೆಟ್ಟದ ಸುತ್ತಣ ಇಳಿಜಾರುಗಳು ಕರಿಯಾದುವು. ಹತ್ತು ಸಾವಿರ ಎಕರೆಗೂ ಹೆಚ್ಚಿನ ಕಾಡು ಬೆಂದಿತು. ಕಡೆಗೆ ವಾಯುಸೇನೆಯ ಹೆಲಿಕಾಪ್ಟರುಗಳು ಆಕಾಶದಿಂದ ನೀರನ್ನು ಸುರಿಯಬೇಕಾಯಿತು. ನಮ್ಮ ಕಾಡುಗಳಲ್ಲಿ ಕಿಚ್ಚು ತಾನಾಗಿಯೇ ಹುಟ್ಟುವುದು ತೀರ ಅಪೂರ್ವ. ಬಹುಮಟ್ಟಿಗೆ ಅದು ಮನುಷ್ಯನ ಕೈಯ ಕೆಲಸವೇ. ಆದರೆ ಕಿಡಿಯು ಅಷ್ಟು ದೂರ ಹಬ್ಬಲು ಒಣಗಿದ ನೆಲವೂ ಬೀಸುವ ಗಾಳಿಯೂ ಬೇಕು, ಉರಿಯಲು ಸೌದೆಯೂ ಬೇಕು. ಆ ಸೌದೆಯನ್ನು ಒದಗಿಸುತ್ತಿರುವವರಲ್ಲಿ ಮುಖ್ಯನೊಬ್ಬನ ಪರಿಚಯವನ್ನು ಈಗ ಮಾಡಿಕೊಡಬೇಕು.

ಬೇಲಿಯಂಚಿನಲ್ಲಿ ಬಣ್ಣಬಣ್ಣದ ಸಣ್ಣ ಹೂಗೊಂಚಲುಗಳನ್ನು ಬಿಡುವ ಲಂಟಾನ ಗಿಡವನ್ನು ಎಲ್ಲರೂ ಬಲ್ಲರು. ಅಮೆರಿಕಾ ಖಂಡದ ಈ ಗಿಡವು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂದೋಟದ ಅಲಂಕಾರಕ್ಕೆಂದು ನಮ್ಮ ದೇಶಕ್ಕೆ ಬಂದಿತು. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಕಾಡಿಗೆ ಒಯ್ದುವು. ಅತಿಥಿಯಾಗಿ ಬಂದವನು ಮನೆಯ ಯಜಮಾನನೇ ಆಗಿ ಕುಳಿತನು. ದಟ್ಟವಾದ ಅದರ ಪೊದೆಯ ಕೆಳಗೆ ಬೆಳಕು ಬೀಳದು, ಹುಲ್ಲು ಹುಟ್ಟದು, ಸಸಿ ಏಳದು. ಜಿಂಕೆ ಕಾಟಿಗಳಿಗೆ ಅದು ಮೇವೂ ಅಲ್ಲ. ಬೇಸಗೆಯಲ್ಲಿ ಅದು ಒಣಗಿ ನಿಂತಾಗ, ನೆಲದ ತರಗಿನಲ್ಲಿ ಹರಿಯಬೇಕಾದ ಬೆಂಕಿಯು ಅದನ್ನೇ ಏಣಿಯಾಗಿ ಮಾಡಿಕೊಂಡು ಮರದ ತಲೆಗೆ ಏರುವುದು. ಬೆಂಕಿ ಆರಿದ ಮೇಲೆ ಮೊದಲು ಚಿಗುರುವುದೂ ಅದೇ. ಹೂವಿನ ಚೆಲುವಿಗೆಂದು ನೆಟ್ಟ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಹಳದಿ ಹೂವಿನ ಮರವೂ ಈಗ ವಯನಾಡು, ಬಂಡೀಪುರಗಳ ಕಡೆಯಲ್ಲಿ ಇದೇ ಜಾಡನ್ನು ಹಿಡಿದಿರುವುದು.

ಅದೇ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಪರಂಪರೆಯಿಂದ ಬಾಳುವ ಸೋಲಿಗರು ಈ ವಿಷಯದಲ್ಲಿ ಹೇಳುವ ಮಾತು ಕೇಳತಕ್ಕುದಾಗಿದೆ. ಹಿಂದೆ ಅವರು ಬೇಸಗೆಯ ಮೊದಲಲ್ಲಿಯೇ, ಹುಲ್ಲು ಪೂರ್ತಿ ಒಣಗುವುದಕ್ಕೆ ಮುಂಚೆ, ನೆಲದ ತರಗಿಗೆ ಮಾತ್ರ ಮೆಲ್ಲನೆ ಬೆಂಕಿಯಿಡುತ್ತಿದ್ದರು. ಅದಕ್ಕೆ ತರಗು ಬೆಂಕಿಯೆಂದು ಹೆಸರು. ಮೊಳಕಾಲೆತ್ತರದ ಆ ಬೆಂಕಿಯು ಬೇಗ ಹಾಯ್ದು ಹೋಗುತ್ತಿದ್ದಿತೆಂದೂ, ಲಂಟಾನದ ಎಳೆಗಿಡಗಳನ್ನೂ ನೆಲ್ಲಿಯ ಮರವನ್ನು ಹೀರುವ ಬಂದಳಿಕೆಯನ್ನೂ ಹತೋಟಿಯಲ್ಲಿಡುತ್ತಿದ್ದಿತೆಂದೂ ಅವರ ಅನುಭವ. ೧೯೭೪ರಲ್ಲಿ ಆ ಬೆಟ್ಟವು ಅಭಯಾರಣ್ಯವಾಯಿತು. ಸೋಲಿಗರು ಚದುರಿದ ಹಾಡಿಗಳಿಂದ ಕಾಯಂ ಪೋಡುಗಳಿಗೆ ಬಂದರು. ತರಗು ಬೆಂಕಿಯು ನಿಂತುಹೋಯಿತು. ಮುಂದೆ ನಡೆದ ಸಂಶೋಧನೆಗಳಿಂದ, ೧೯೯೭ರಿಂದ ೨೦೦೮ರವರೆಗಿನ ಹನ್ನೊಂದು ವರ್ಷಗಳಲ್ಲಿಯೇ ಲಂಟಾನವು ಅಲ್ಲಿ ಕಾಣಿಸಿಕೊಳ್ಳುವ ಸ್ಥಳಗಳು ಸುಮಾರು ಇಮ್ಮಡಿಯಾದುವೆಂದು ತಿಳಿದುಬಂದಿದೆ. ಇದರಿಂದ ನಾಳೆಯೇ ಕಾಡಿಗೆ ಬೆಂಕಿಯಿಡಬೇಕೆಂದು ಯಾರೂ ಭಾವಿಸತಕ್ಕುದಲ್ಲ. ಪೊದೆಗಳು ಆಳೆತ್ತರ ಬೆಳೆದು, ಬೇಸಗೆಯೂ ಬಲವಾಗಿರುವ ಈ ಕಾಲದಲ್ಲಿ ಅಂದಿನ ಕಿಡಿಯು ಇಂದಿನ ಪ್ರಳಯವಾದೀತು. ಮೊದಲು ಕಳೆಯನ್ನು ಕೀಳಬೇಕು. ಅನಂತರ ಎಲ್ಲಿ, ಯಾವಾಗ, ಎಷ್ಟು ಬೆಂಕಿ ಎಂಬುದನ್ನು ಬಲ್ಲವರ ಕೈಯಲ್ಲಿಯೇ ನಿರ್ಣಯಿಸಬೇಕು. ಬಲ್ಲವರೆಂದರೆ ವಿಜ್ಞಾನಿಗಳೂ ಅಧಿಕಾರಿಗಳೂ ಹೌದು, ಸೋಲಿಗರೂ ಹೌದು. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯಂತೆ ೨೦೧೧ರಲ್ಲಿ ಅವರ ಸಮುದಾಯದ ಹಕ್ಕುಗಳಿಗೆ ಅಲ್ಲಿ ಮನ್ನಣೆ ದೊರೆತುದು ಈ ದೃಷ್ಟಿಯಿಂದಲೂ ಶ್ಲಾಘ್ಯವಾದುದು. ಕಾಡನ್ನು ಬಲ್ಲವನನ್ನು ಕಾಡಿನಿಂದ ದೂರವಿಟ್ಟು ಕಾಡನ್ನು ಕಾಯುವೆವೆಂಬುದು, ಅಡುಗೆಯನ್ನು ಬಲ್ಲವಳನ್ನು ಹೊರಗೆ ಕೂರಿಸಿ ಒಲೆಯನ್ನು ಕಾಯುವಂತಹುದು.

ಹಾಗಾದರೆ ಮಾಡತಕ್ಕ ಕೆಲಸಗಳೇನು? ಕೆಲವು ನಡೆದೇ ಇವೆ. ಬೇಸಗೆ ಬಲಿಯುವ ಮುಂಚೆ ಅರಣ್ಯ ಇಲಾಖೆಯವರು ಬೆಂಕಿಯ ಗೆರೆಗಳನ್ನು ತೆಗೆಯುತ್ತಾರೆ. ಸುತ್ತಣ ಹಳ್ಳಿಗಳವರನ್ನೂ ಹಾಡಿಗಳವರನ್ನೂ ಕಾವಲಿಗೆ ನೇಮಿಸಿಕೊಳ್ಳುತ್ತಾರೆ. ಬಂಡೀಪುರದ ಕೆಲವು ಕೆರೆಗಳಿಗೆ ಸೂರ್ಯಶಕ್ತಿಯ ಪಂಪುಗಳಿಂದ ನೀರನ್ನು ತುಂಬಿಸುತ್ತಾರೆ. ಕೆರೆಯ ನೀರು ಮೃಗಕ್ಕೆ ದಾಹವನ್ನು ತೀರಿಸುವುದೇನೋ ಸರಿ. ಸಸಿಗೆ ಅದು ಮುಟ್ಟದು. ಸಸಿಗೆ ಬೇಕಾದುದು ಕಳೆಯಿಲ್ಲದ ನೆಲ, ಬೆಂಕಿಯಿಲ್ಲದ ಕೆಲವು ವರ್ಷ, ಮತ್ತು ಬೀಜವನ್ನು ಹೊತ್ತು ತರುವ ಪ್ರಾಣಿ. ಈ ಮೂರನೆಯದು ಬಹು ಮುಖ್ಯ. ಕಾಲವು ಬಿಸಿಯಾದಂತೆ ಗಿಡಮರಗಳ ಸಂತತಿಯು ತಂಪಾದ, ತೇವವಾದ ಕಡೆಗೆ ಮೆಲ್ಲಮೆಲ್ಲನೆ ಸರಿಯಬೇಕಾಗುವುದು. ಮರಕ್ಕೆ ಕಾಲಿಲ್ಲ, ಆನೆಯ ಹೊಟ್ಟೆಯೂ ಹಕ್ಕಿಯ ಕೊಕ್ಕೂ ಅದರ ಕಾಲುಗಳು. ಬೇಸಗೆಯಲ್ಲಿ ಆನೆಗಳು ನೂರಾರು ಸಂಖ್ಯೆಯಲ್ಲಿ ಕಬಿನಿಯ ಹಿನ್ನೀರಿಗೆ ಇಳಿದು, ಮಳೆಗಾಲಕ್ಕೆ ಮತ್ತೆ ಚದುರುವುವಷ್ಟೆ. ಆ ದಾರಿಗಳು ಮುಚ್ಚಿದರೆ ಆನೆಗೆ ಮಾತ್ರವಲ್ಲ, ಅದು ಬಿತ್ತುವ ಮರಕ್ಕೂ ದಾರಿ ಮುಚ್ಚಿದಂತೆಯೇ. ೨೦೦೯ರಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿಯ ವಾಹನ ಸಂಚಾರವನ್ನು ನಿಲ್ಲಿಸಿದುದನ್ನು ಕುರಿತು ಅನೇಕರು ಗೊಣಗಿದರು. ಕಾಡಿನ ನಡುವೆ ರಾತ್ರಿ ಕೆಲವು ಗಂಟೆಗಳ ನಿಶ್ಶಬ್ದವನ್ನು ಕೊಡುವುದು ಅಷ್ಟು ದುಬಾರಿಯೆಂದು ನಮಗೆ ತೋರುವುದಿಲ್ಲ.

ಗೃಹಸ್ಥರಾದ ನಾವು ಮಾಡಬಹುದಾದುದೂ ಅಲ್ಪವಲ್ಲ. ಬೇಸಗೆಯಲ್ಲಿ ಕಾಡಿನ ದಾರಿಯಾಗಿ ಹೋಗುವಾಗ ಆರದ ಬೀಡಿಯನ್ನಾಗಲಿ ಒಲೆಯ ಕೆಂಡವನ್ನಾಗಲಿ ಬಿಟ್ಟುಬರದಿರುವುದು ಮೊದಲನೆಯದು. ಮನೆಯ ತೋಟಕ್ಕೆ ಹೂಗಿಡವನ್ನು ತರುವಾಗ ಅದು ಬೇಲಿಯನ್ನು ಹಾರಿ ಹೋಗುವ ಜಾತಿಯೇ ಎಂದು ಒಂದು ಮಾತು ವಿಚಾರಿಸುವುದು ಎರಡನೆಯದು. ಮಲೆ ಮಹದೇಶ್ವರ ಬೆಟ್ಟದ ಕಡೆಯ ಸೋಲಿಗರು ಲಂಟಾನದ ಕಡ್ಡಿಗಳಿಂದ ಕುರ್ಚಿ, ಬುಟ್ಟಿ ಮೊದಲಾದ ಸಾಮಾನುಗಳನ್ನು ಹೆಣೆಯುವುದನ್ನು ಕಲಿತಿದ್ದಾರೆ. ಬೆತ್ತದ ಬದಲು ಅವನ್ನು ಕೊಂಡರೆ ಕಾಡಿನ ಕಳೆಯೂ ಕರಗುವುದು, ಒಂದು ಕುಟುಂಬದ ಒಲೆಯೂ ಉರಿಯುವುದು. ಇವೆಲ್ಲಕ್ಕಿಂತ ಮಿಗಿಲಾದುದು, ವರ್ಷಕ್ಕೊಂದು ದಿನ ಗಿಡ ನೆಟ್ಟು ಭಾವಚಿತ್ರ ತೆಗೆಸಿಕೊಂಡರೆ ಕಾಡು ಬೆಳೆದೀತೆಂಬ ಭ್ರಾಂತಿಯನ್ನು ಬಿಡುವುದು. ಕಾಡು ತನ್ನ ಮಕ್ಕಳನ್ನು ತಾನೇ ಹೆರಬಲ್ಲದು. ಅವು ಬೆಳೆಯಲು ಬಿಡುವ ತಾಳ್ಮೆ ಮಾತ್ರ ನಮ್ಮಲ್ಲಿರಬೇಕು.

ಬಂಡೀಪುರದ ಎರಡು ಬದಿಗೂ ಹರಿಯುವ ಕಬಿನಿ, ಮೋಯಾರುಗಳೆರಡೂ ಕಡೆಗೆ ಕಾವೇರಿಯ ನೀರೇ ಆಗುವುವು. ಆ ನೀರು ಹಳ್ಳಿಯ ಗದ್ದೆಗೂ ಪಟ್ಟಣದ ಕೊಳಾಯಿಗೂ ಬರುವುದು. ಕಾಡಿನ ನೆಲವು ಮಳೆಯನ್ನು ಹಿಡಿದು ಮೆಲ್ಲನೆ ಬಿಟ್ಟುಕೊಟ್ಟರೇ ಬೇಸಗೆಯಲ್ಲಿ ಹೊಳೆಗೆ ನೀರು. ಆ ನೆಲವನ್ನು ಇಂದು ಹಿಡಿದು ನಿಂತಿರುವುದು ನಮ್ಮ ಅಜ್ಜಂದಿರ ಕಾಲದಲ್ಲಿ ಸಸಿಗಳಾಗಿದ್ದ ಮರಗಳು. ನಮ್ಮ ಮೊಮ್ಮಕ್ಕಳ ಕಾಲದಲ್ಲಿ ಅದನ್ನು ಹಿಡಿಯಬೇಕಾದವು ಈಗ ಗೇಣುದ್ದವಾಗಿ, ಲಂಟಾನದ ನೆರಳಿನಲ್ಲಿ, ಬರುವ ಫೆಬ್ರವರಿಯ ಬೆಂಕಿಯನ್ನು ಎದುರುನೋಡುತ್ತಿವೆ. ಹುಲಿಗೆ ಕೊಟ್ಟ ಅಭಯವನ್ನು ಅವಕ್ಕೂ ಕೊಡಬೇಕೆಂಬುದೇ ನಮ್ಮ ಬಿನ್ನಹ.