ಲಾರಿ ಇಂಜಿನ್ ಬಡಿದಾಗ ಮೀಟರ್ ಕಡೆಗೂ ನೋಡಿ



ನಮ್ಮ ಕನ್ನಡ ಕಾರ್ಯಕ್ರಮ ಕೇಳುವವರಲ್ಲಿ ಸ್ವಂತ ಲಾರಿ ಇಟ್ಟುಕೊಂಡವರಿದ್ದೀರಿ. ಅಣ್ಣನೋ ಭಾವನೋ ಊರಿಂದ ಲೋಡು ತುಂಬಿಕೊಂಡು ಕಳಂಬೋಲಿಗೆ, ನಿಗಡಿಗೆ ಬರುವವರಿದ್ದಾರೆ. ಈ ಸಲದ ಮಾತು ಅವರಿಗಾಗಿ.

ಹದಿನೈದು ವರ್ಷ ದುಡಿದ ಲಾರಿ. ಖಂಡಾಲಾ ಘಾಟಿ ಹತ್ತುವಾಗ ಇಂಜಿನ್ ಕೆಳಗಿನಿಂದ 'ಧಡ್ ಧಡ್' ಸದ್ದು ಶುರುವಾಗುತ್ತದೆ. ಮೇಲೆ ಬಂದು ಚಹಾಕ್ಕೆ ನಿಲ್ಲಿಸಿದರೆ, ಐಡಲ್‌ನಲ್ಲಿ ಆಯಿಲ್ ಪ್ರೆಶರ್ ಮುಳ್ಳು ಕೆಳಗೆ ಮಲಗಿರುತ್ತದೆ. ಒಬ್ಬರು "ದಪ್ಪ ಆಯಿಲ್ ಹಾಕಿ, ಸರಿಹೋಗುತ್ತೆ" ಅನ್ನುತ್ತಾರೆ. ಇನ್ನೊಬ್ಬರು "ಇಂಜಿನ್ ಇಳಿಸಲೇಬೇಕು" ಅನ್ನುತ್ತಾರೆ. ಎರಡಕ್ಕೂ ಅವಸರ ಬೇಡ. ಮುಳ್ಳು ಬಿದ್ದಿದ್ದರೆ ಮೊದಲು ಇಂಜಿನ್ ಬಂದ್ ಮಾಡಿ. "ಗ್ಯಾರೇಜ್ ಹತ್ತಿರದಲ್ಲೇ ಇದೆ" ಎಂದು ಓಡಿಸಬೇಡಿ.

ಒಳಗೆ ಏನಾಗುತ್ತದೆ? ಕ್ರ್ಯಾಂಕ್‌ಗೂ ಬೇರಿಂಗ್‌ಗೂ ನಡುವೆ ಕೂದಲೆಳೆಯಷ್ಟು ಜಾಗ, ಅದರಲ್ಲಿ ಆಯಿಲ್. ಕ್ರ್ಯಾಂಕ್ ತಿರುಗುವುದು ಆ ಆಯಿಲ್ ಮೇಲೆಯೇ. ಬೇರಿಂಗ್ ಸವೆದರೆ ಜಾಗ ಹಿಗ್ಗುತ್ತದೆ. ಪಂಪ್ ಕಳಿಸಿದ ಆಯಿಲ್ ಅಲ್ಲಿಂದ ಸಲೀಸಾಗಿ ಸೋರಿ ಚೇಂಬರ್‌ಗೆ ಬೀಳುತ್ತದೆ, ಪ್ರೆಶರ್ ಇಳಿಯುತ್ತದೆ. ಅದೇ ಸಡಿಲದಿಂದ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಬಡಿಯುತ್ತದೆ. ಒಂದೇ ರೋಗಕ್ಕೆ ಎರಡು ಲಕ್ಷಣ. ಆದರೆ ಒಂದೇ ಲಕ್ಷಣ ಇದ್ದರೆ ರೋಗ ಬೇರೆಯೂ ಇರಬಹುದು. ಆದ್ದರಿಂದ ಇಂಜಿನ್ ಬಿಚ್ಚುವ ಮೊದಲು ನಾಲ್ಕು ಪರೀಕ್ಷೆ ಮಾಡಿಸಿ.

ಒಂದು, ಆಯಿಲ್ ಕಡ್ಡಿ

ಲಾರಿ ಸಮತಟ್ಟು ಜಾಗದಲ್ಲಿರಲಿ. ಇಂಜಿನ್ ನಿಂತು ಹತ್ತು ನಿಮಿಷವಾದ ಮೇಲೆ ಕಡ್ಡಿ ತೆಗೆದು ನೋಡಿ. ಆಯಿಲ್ ಕಡಿಮೆಯಿದ್ದರೆ ಕಾರಣ ಅದೇ ಇರಬಹುದು. ಹಾಕಿದ್ದಕ್ಕಿಂತ ಹೆಚ್ಚಾಗಿದ್ದರೆ ಇನ್ನೂ ಕೆಟ್ಟದ್ದು. ಮೂಸಿದಾಗ ಡೀಸೆಲ್ ವಾಸನೆ ಬಂದರೆ ಫೀಡ್ ಪಂಪಿನಿಂದಲೋ ಡೀಸೆಲ್ ಪಂಪಿನಿಂದಲೋ ಡೀಸೆಲ್ ಇಳಿದು ಆಯಿಲ್ ನೀರಾಗಿದೆ. ಹಾಲು ಬೆರೆಸಿದ ಚಹಾದಂತೆ ಕಂಡರೆ ರೇಡಿಯೇಟರ್ ನೀರು ಸೇರಿದೆ. ಆಯಿಲ್ ಕೂಲರ್ ಮತ್ತು ಹೆಡ್ ಗ್ಯಾಸ್ಕೆಟ್ ನೋಡಬೇಕು.

ಎರಡು, ನಿಜವಾದ ಪ್ರೆಶರ್

ಹಳೆ ಲಾರಿಯ ಡ್ಯಾಶ್‌ಬೋರ್ಡ್ ಮೀಟರ್ ಸುಳ್ಳು ಹೇಳುವುದುಂಟು. ಸೆನ್ಸರ್ ಬಿಚ್ಚಿಸಿ, ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಹಾಕಿಸಿ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಅಳೆಯಬೇಕು. ತಣ್ಣಗಿದ್ದಾಗ ಆಯಿಲ್ ದಪ್ಪ, ಪ್ರೆಶರ್ ಚೆನ್ನಾಗಿಯೇ ತೋರಿಸುತ್ತದೆ. ಅನೇಕ ಟಾಟಾ ಲಾರಿಗಳಲ್ಲಿ ಇರುವ 5.9 ಲೀಟರಿನ ಕಮ್ಮಿನ್ಸ್ 6ಬಿಟಿ ಇಂಜಿನ್ ತೆಗೆದುಕೊಳ್ಳಿ. ಬಿಸಿಯಾಗಿರುವಾಗ ಐಡಲ್‌ನಲ್ಲಿ ಕನಿಷ್ಠ 10 ಪಿಎಸ್‌ಐ, ಅಂದರೆ ಗ್ಯಾರೇಜ್ ಭಾಷೆಯಲ್ಲಿ ಮುಕ್ಕಾಲು ಕೆಜಿ ಹತ್ತಿರ ಇರಬೇಕು. ಪೂರ್ತಿ ವೇಗದಲ್ಲಿ ಕನಿಷ್ಠ 30 ಪಿಎಸ್‌ಐ, ಸುಮಾರು ಎರಡು ಕೆಜಿ. ಬೇರೆ ಇಂಜಿನ್ ಆದರೆ ಅದರ ಪುಸ್ತಕದ ಅಂಕಿ ನೋಡಿ. ಗೇಜ್ ಸರಿ ತೋರಿಸಿದರೆ ಸೆನ್ಸರ್ ಬದಲಿಸಿದರೆ ಸಾಕು. ಪ್ರೆಶರ್ ನಿಜಕ್ಕೂ ಕಡಿಮೆಯಿದ್ದು ಸದ್ದು ಇಲ್ಲದಿದ್ದರೆ ಫಿಲ್ಟರ್, ರಿಲೀಫ್ ವಾಲ್ವ್, ಚೇಂಬರ್ ಒಳಗಿನ ಜಾಲರಿ, ಆಯಿಲ್ ಪಂಪ್ - ಈ ಸಾಲಿನಲ್ಲಿ ಹುಡುಕಿ.

ಮೂರು, ಸದ್ದು ಎಲ್ಲಿಂದ?

ಮೇಲಿನಿಂದ ಬರುವ ಸಣ್ಣ 'ಟಿಕ್ ಟಿಕ್' ಬಹುತೇಕ ಟ್ಯಾಪೆಟ್ಟಿನದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಡಿದು, ಬಿಸಿಯಾದ ಮೇಲೆ ಕಡಿಮೆಯಾದರೆ ಪಿಸ್ಟನ್ ಸವೆತ. ಬಿಸಿಯಾದಷ್ಟೂ, ಲೋಡು ಬಿದ್ದಷ್ಟೂ ಜೋರಾಗುವ ಭಾರವಾದ ಬಡಿತವೇ ಅಪಾಯದ್ದು.

ಪ್ರೆಶರ್ ಪೂರ್ತಿ ಬಿದ್ದಿಲ್ಲದಿದ್ದರೆ, ಐಡಲ್‌ನಲ್ಲಿ ಸ್ವಲ್ಪ ಹೊತ್ತು ಮಾತ್ರ, ಒಂದೊಂದೇ ನಾಜಲ್ಲಿನ ಪೈಪ್ ನಟ್ ಸಡಿಲಿಸಿ ಆ ಸಿಲಿಂಡರ್ ಕೆಲಸ ನಿಲ್ಲಿಸಿ ನೋಡುತ್ತಾರೆ. ಯಾವ ಸಿಲಿಂಡರ್ ನಿಂತಾಗ ಸದ್ದು ತಗ್ಗುತ್ತದೋ ತೊಂದರೆ ಅಲ್ಲಿದೆ. ಆದರೆ ಕೆಟ್ಟ ನಾಜಲ್ಲಿನ ಸದ್ದೂ ಹೀಗೆಯೇ ತಗ್ಗುತ್ತದೆ! ಮೀಟರ್ ಬೇಕಾಗುವುದು ಇಲ್ಲಿಯೇ. ಪ್ರೆಶರ್ ಸರಿಯಿದ್ದರೆ ಆ ನಾಜಲ್ ತೆಗೆದು ಬೇರೆ ಸಿಲಿಂಡರ್‌ಗೆ ಹಾಕಿಸಿ. ಸದ್ದೂ ಜೊತೆಗೆ ಹೋದರೆ ದೋಷ ನಾಜಲ್ಲಿನದು. ಪ್ರೆಶರ್ ಕೂಡ ಕಡಿಮೆಯಿದ್ದರೆ ಬಹುತೇಕ ರಾಡ್ ಬೇರಿಂಗ್ ಹೋಗಿದೆ.

ಎಚ್ಚರಿಕೆ: ಪೈಪಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗಬಲ್ಲದು. ಕೈ ಅಡ್ಡ ಇಡಬೇಡಿ, ಕಣ್ಣಿಗೆ ಕನ್ನಡಕ ಇರಲಿ. ಕಾಮನ್ ರೈಲ್ ಇಂಜಿನ್ ಲಾರಿಗಳಲ್ಲಿ ಈ ಪರೀಕ್ಷೆ ಮಾಡಲೇಬಾರದು.

ನಾಲ್ಕು, ಫಿಲ್ಟರ್ ಹೇಳುವ ಸತ್ಯ

ಹಳೆ ಆಯಿಲ್ ಫಿಲ್ಟರ್ ಎಸೆಯಬೇಡಿ. ಕತ್ತರಿಸಿ, ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಅಯಸ್ಕಾಂತಕ್ಕೆ ಅಂಟದ, ತಾಮ್ರದ ಬಣ್ಣದ ಚೂರುಗಳು ಹೊಳೆದರೆ ಬೇರಿಂಗಿನ ಮೇಲ್ಪದರ ಸವೆದು ಒಳಗಿನ ತಾಮ್ರದ ಪದರ ಏಳುತ್ತಿದೆ ಎಂದರ್ಥ. ಆಗ ಚೇಂಬರ್ ಬಿಚ್ಚಿಸಲು ಹಿಂದೆಮುಂದೆ ನೋಡಬೇಡಿ.

ಬೇಗ ಬಿಚ್ಚಿ, ಕ್ರ್ಯಾಂಕಿಗೆ ಗೀರು ಬಿದ್ದಿಲ್ಲ ಎಂದು ಅಳೆದು ನೋಡಿದರೆ, ಇಂಜಿನ್ ಇಳಿಸದೆ ಕೆಳಗಿನಿಂದಲೇ ಬೇರಿಂಗ್ ಬದಲಿಸುವ ಅವಕಾಶ ಉಂಟು. ಸವೆತಕ್ಕೆ ಕಾರಣವಾದದ್ದನ್ನೂ ಜೊತೆಗೇ ಸರಿಪಡಿಸಬೇಕು. ತಡಮಾಡಿದರೆ ಕ್ರ್ಯಾಂಕ್ ಗ್ರೈಂಡಿಂಗ್. ಇನ್ನೂ ತಡಮಾಡಿದರೆ ರಾಡ್ ತುಂಡಾಗಿ ಬ್ಲಾಕ್ ಒಡೆದು ಹೊರಬರುತ್ತದೆ. ಅಷ್ಟರಲ್ಲಿ ಟರ್ಬೊ ಕೂಡ ಹೋಗಿರಬಹುದು. ದಪ್ಪ ಆಯಿಲ್ ಹಾಕಿದರೆ ಮುಳ್ಳು ನಾಲ್ಕು ದಿನ ಮೇಲೇಳುತ್ತದೆ, ಸವೆತ ಮಾತ್ರ ನಿಲ್ಲುವುದಿಲ್ಲ.

ಒಂದು ಟ್ರಿಪ್ಪಿನ ಬಾಡಿಗೆ ಹೋದರೆ ಮುಂದಿನ ವಾರ ದುಡಿಯಬಹುದು. ಇಂಜಿನ್ನೇ ಹೋದರೆ ಕಂತು ಕಟ್ಟಲು ದುಡಿಯುವುದು ಯಾವುದರಿಂದ? ಇವತ್ತು ಊರಿಗೆ ಫೋನ್ ಮಾಡಿದಾಗ ಅಣ್ಣನಿಗೆ ಇದನ್ನು ಓದಿ ಹೇಳಿ. ಕಿವಿ ಸದ್ದಿನ ಮೇಲೆ, ಕಣ್ಣು ಮುಳ್ಳಿನ ಮೇಲೆ ಇರಲಿ.