ಎಮ್ಮೆಯ ಅವ್ವ, ಮಗ್ಗದ ಅವ್ವ

ಸಾವಳಗಿಯಲ್ಲಿ ನಾನು ಚಿಕಿತ್ಸೆಗೆ ಹೋಗುವ ಒಂದು ಮನೆಯ ಕೊಟ್ಟಿಗೆಯಲ್ಲಿ ದಿನಾ ಬೆಳಿಗ್ಗೆ ಇಬ್ಬರು ಅವ್ವಂದಿರು ಕೂಡಿರುತ್ತಾರೆ. ಒಬ್ಬರು ಹಿಂಡುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಕುಳಿತು ನೋಡುತ್ತಾರೆ. "ಹೆಸರು ಹಾಕಬ್ಯಾಡ್ರಿ ಸಾಹೇಬ್ರ" ಅಂದಿದ್ದಾರೆ, ಹಾಕಿಲ್ಲ.

ಹಿಂಡುವ ಅವ್ವನಿಗೆ 70 ದಾಟಿದೆ. ಮದುವೆಯಾಗಿ ಬಂದಾಗಿನಿಂದ ಎಮ್ಮೆ ಕಟ್ಟಿದವರು. ಇನ್ನೊಬ್ಬರು ರಬಕವಿ ಕಡೆಯ ನೇಕಾರ ಮನೆಯವರು. ಗಂಡ ತೀರಿಕೊಂಡ ಮೇಲೆ ಮಗ್ಗ ಮಾರಿ ಮಗಳ ಮನೆಗೆ ಬಂದರು. ಎಮ್ಮೆ ಕಂಡರೆ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮೊದಲ ಪರಿಚಯ ಡೇರಿಯ ಸಾಲಿನಲ್ಲಿ, ಅದೂ ಯಾರ ಕ್ಯಾನು ಮುಂದೆ ಎಂಬ ಜಗಳದಲ್ಲಿ. ಆರು ತಿಂಗಳು ಮಾತಿರಲಿಲ್ಲವಂತೆ.

ಕಳೆದ ವರ್ಷ ಎಮ್ಮೆಯ ಅವ್ವನ ಕಣ್ಣಿಗೆ ಪೊರೆ ಬಂತು. ಆಕಳಿಗೆ ಹೋಲಿಸಿದರೆ ಎಮ್ಮೆಗೆ ಕೆಚ್ಚಲು ಬಾವು ಕಡಿಮೆ, ಆದರೆ ಬಂದರೆ ಬಿಡುವುದಿಲ್ಲ. ಹಾಲಿನಲ್ಲಿ ಬಂದ ಸಣ್ಣ ಗರಣೆ ಅವರಿಗೆ ಕಾಣಲಿಲ್ಲ. ನನ್ನನ್ನು ಕರೆದಾಗ ಕೆಚ್ಚಲು ಕಲ್ಲಿನಂತಾಗಿತ್ತು. ಔಷಧ ಕೊಟ್ಟೆ, ಆದರೂ ಒಂದು ಮೊಲೆ ಬತ್ತಿಯೇ ಹೋಯಿತು. ಮಗ ಎಮ್ಮೆ ಮಾರಿಬಿಡೋಣ ಅಂದ. ಅವ್ವ ಎರಡು ದಿನ ಊಟ ಬಿಟ್ಟರು.

ಆ ಸುದ್ದಿ ಕೇಳಿ ಮಗ್ಗದ ಅವ್ವ ತಾವಾಗಿ ಬಂದರು. ಕಪ್ಪು ಬಟ್ಟೆಯ ಮೇಲೆ ಮೊದಲ ಮೂರು ನಾಲ್ಕು ಧಾರೆ ಹಿಂಡಿ ನೋಡಬೇಕೆಂದು ನಾನು ತೋರಿಸಿದ್ದೆ. ನೂಲಿನ ಎಳೆ ಹರಿದದ್ದನ್ನು ಮೂವತ್ತು ವರ್ಷ ಹುಡುಕಿದ ಕಣ್ಣು ಅವರದು. ಗೊಬ್ಬರದ ಕಣವಷ್ಟು ಗರಣೆಯೂ ತಪ್ಪುವುದಿಲ್ಲ. ಮುಂದೊಂದು ದಿನ ಇನ್ನೊಂದು ಮೊಲೆಯ ಬಾವನ್ನು ಅವರು ಹಿಡಿದದ್ದು ಕೆಚ್ಚಲು ಊದುವ ಮೊದಲೇ. ಆ ಮೊಲೆ ಉಳಿಯಿತು, ಎಮ್ಮೆಯೂ ಮನೆಯಲ್ಲೇ ಉಳಿಯಿತು.

ಅಕ್ಕಂದಿರೇ, ಆ ಮೊದಲ ಧಾರೆಗಳನ್ನು ನೆಲಕ್ಕೆ ಹಿಂಡಬೇಡಿ, ರೋಗಾಣು ಅಲ್ಲೇ ಹರಡುತ್ತದೆ. ಹಿಂಡಿದ ಮೇಲೆ ಮುಂದೆ ಮೇವು ಹಾಕಿ, ಅರ್ಧ ತಾಸು ನಿಂತೇ ಇರಲಿ. ಮೊಲೆಯ ತೂತು ಮುಚ್ಚಲು ಅಷ್ಟು ಹೊತ್ತು ಬೇಕು. ಔಷಧ ನಡೆದಿರುವಾಗ ಮತ್ತು ವೈದ್ಯರು ಹೇಳಿದಷ್ಟು ದಿನ ಆ ಹಾಲು ಡೇರಿಗೆ ಬೇಡ.

ಈ ಇಬ್ಬರಿಗೆ ಒಮ್ಮೆ ಗಾಂಧೀಜಿಯ ಕಥೆ ಹೇಳಿದೆ. 1927ರ ಮಾರ್ಚ್‌ನಲ್ಲಿ ನಮ್ಮ ಪಕ್ಕದ ನಿಪ್ಪಾಣಿ ಕಡೆ ಪ್ರವಾಸದಲ್ಲಿದ್ದಾಗ ರಕ್ತದೊತ್ತಡ ಏರಿ ಹಾಸಿಗೆ ಹಿಡಿದರು. ನಂದಿ ಬೆಟ್ಟದಲ್ಲಿ ವಿಶ್ರಾಂತಿ ಪಡೆದು ಬೆಂಗಳೂರಿಗೆ ಬಂದರು. ಅಲ್ಲಿ 1923ರಲ್ಲಿ ಶುರುವಾದ ಸರ್ಕಾರಿ ಹೈನು ಸಂಸ್ಥೆಯಿತ್ತು, ಇಂದು ಆಡುಗೋಡಿಯಲ್ಲಿರುವ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ಕೇಂದ್ರ. 57 ವರ್ಷದ ಗಾಂಧೀಜಿ ಸುಮಾರು 15 ದಿನ ಅಲ್ಲಿ ದನ ಸಾಕಣೆ ಕಲಿತರು. ಜೊತೆಗಿದ್ದ ಮದನಮೋಹನ ಮಾಳವೀಯರಿಗೆ 65. ಅಲ್ಲಿದ್ದ ಹೈನು ತಜ್ಞ ವಿಲಿಯಂ ಸ್ಮಿತ್ ಬ್ರಿಟಿಷ್ ಸರ್ಕಾರದ ಅಧಿಕಾರಿ. ಅದೇ ಸರ್ಕಾರ ಗಾಂಧೀಜಿಯನ್ನು 1922ರಲ್ಲಿ ಜೈಲಿಗೆ ಹಾಕಿತ್ತು. ಭೇಟಿ ಪುಸ್ತಕದಲ್ಲಿ ಗಾಂಧೀಜಿ ತಮ್ಮನ್ನು ಸಾಬರಮತಿಯ ರೈತ ಎಂದು ಬರೆದುಕೊಂಡರು. ಆಕಳು, ಎಮ್ಮೆಯ ಹಾಲು ಬಿಟ್ಟು ಆಡಿನ ಹಾಲು ಕುಡಿಯುತ್ತಿದ್ದವರು ಅವರು.

ಎಮ್ಮೆಯ ಅವ್ವ ನಕ್ಕುಬಿಟ್ಟರು. "ಆಡಿನ ಹಾಲು ಕುಡಿಯೋರು ಆಕಳದ್ದು ಕಲಿಯಾಕ ಹೋಗಿದ್ರ? ನಮ್ಮ ಈಕಿ ಹಂಗ. ಎಮ್ಮಿ ಅಂದ್ರ ಅಂಜತಾಳ, ಹಾಲು ಮಾತ್ರ ನೋಡತಾಳ."

"ಅಂಜೂದು ಯಾವಾಗೋ ಹೋಗೇತಿ ಬಿಡ," ಅಂದರು ಮಗ್ಗದ ಅವ್ವ, ಕಪ್ಪು ಬಟ್ಟೆ ಒಗೆದು ಹಗ್ಗದ ಮೇಲೆ ಹಾಕುತ್ತಾ.